ಹಳೇ ವಾಲ್ವ್ ರೇಡಿಯೋ ಬಿಚ್ಚಿ ಗಿಟಾರ್ ಆಂಪ್ ಕಟ್ಟುವುದು

ಅಟ್ಟದ ಮೇಲೆ ಧೂಳು ತಿನ್ನುತ್ತ ಕೂತಿರುವ ವಾಲ್ವ್ (ಬಲ್ಬಿನಂಥ ಗಾಜಿನ ಕೊಳವೆ) ರೇಡಿಯೋದ ಹಿಂದಿನ ರಟ್ಟು ತೆಗೆದು ನೋಡಿ. ಐದು ವ್ಯಾಟಿನ ಗಿಟಾರ್ ಆಂಪ್ಲಿಫೈಯರಿಗೆ ಬೇಕಾದ ದುಬಾರಿ ಸಾಮಾನೆಲ್ಲ ಅಲ್ಲೇ ಇರುತ್ತದೆ: ಪವರ್ ಟ್ರಾನ್ಸ್‌ಫಾರ್ಮರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ವಾಲ್ವ್‌ಗಳು, ಸಾಕೆಟ್‌ಗಳು. ಹಳೆಯದು ಅಂದ ಕೂಡಲೇ ಎಲ್ಲವನ್ನೂ ಹಾಗೇ ಎತ್ತಿ ಹೊಸ ಆಂಪಿಗೆ ಹಾಕಿಬಿಡುವ ಆಸೆ ಆಗುತ್ತದೆ. ನನಗೂ ಆಗಿತ್ತು. ಈಗ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಕಬ್ಬಿಣ ಮತ್ತು ಗಾಜು ಉಳಿಸಬೇಕು. ಕಾಗದ, ಮೇಣ, ರಬ್ಬರು, ಒಳಗೆ ರಸಾಯನ ಇರುವುದು, ಇವನ್ನೆಲ್ಲ ಎಸೆಯಬೇಕು.

ಇಲ್ಲಿ ಕಟ್ಟಲು ಹೊರಟಿರುವುದು 1950ರ ದಶಕದ ಫೆಂಡರ್ ಚಾಂಪ್ 5ಎಫ್1 ಮಾದರಿಯ ಸರ್ಕ್ಯೂಟ್. ಮೂರೇ ವಾಲ್ವ್, ಒಂದೇ ವಾಲ್ಯೂಮ್ ಗುಂಡಿ. ಟೋನ್ ಗುಂಡಿಯೂ ಇಲ್ಲ. ಇದಕ್ಕಿಂತ ಸಣ್ಣ, ಇದಕ್ಕಿಂತ ಚೆಂದದ ಗಿಟಾರ್ ಆಂಪ್ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಶಾಕಿನ ವಿಷಯ

ಈ ಪೆಟ್ಟಿಗೆಯೊಳಗೆ 350 ವೋಲ್ಟ್ ಡಿಸಿ ಓಡಾಡುತ್ತದೆ. ಸ್ವಿಚ್ ಹಾಕಿದ ಮೊದಲ ಕ್ಷಣಗಳಲ್ಲಿ 450ರ ಹತ್ತಿರವೂ ಹೋಗುತ್ತದೆ. ಪ್ರಾಣ ತೆಗೆಯಲು ಅಷ್ಟು ಧಾರಾಳ ಸಾಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳು ಚಾರ್ಜ್ ಹಿಡಿದುಕೊಂಡೇ ಇರುತ್ತವೆ. ಇದುವರೆಗೆ ಸೋಲ್ಡರಿಂಗ್ ಐರನ್ ಹಿಡಿದೇ ಇಲ್ಲ ಅನ್ನುವವರು ಮೊದಲು ಬ್ಯಾಟರಿಯಲ್ಲಿ ನಡೆಯುವ ಎರಡು ಮೂರು ಕಿಟ್ ಕಟ್ಟಿ ಕೈ ಪಳಗಿಸಿಕೊಂಡು ಬನ್ನಿ.

ಮುಟ್ಟುವ ಮುಂಚೆ ಪ್ರತಿ ಸಲವೂ ಹೀಗೆ ಮಾಡಿ. ಪ್ಲಗ್ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳಿ. 10 ಕೆ (ಕೆ ಅಂದರೆ ಸಾವಿರ ಓಮ್), 5 ವ್ಯಾಟಿನ ಒಂದು ರೆಸಿಸ್ಟರಿಗೆ ಎರಡು ಕಡೆ ಇನ್ಸುಲೇಶನ್ ಇರುವ ಕ್ರೊಕೊಡೈಲ್ ಕ್ಲಿಪ್ ಬೆಸೆದಿಟ್ಟುಕೊಳ್ಳಿ. ಒಂದು ತುದಿಯನ್ನು ಚಾಸಿಸ್‌ಗೆ, ಅಂದರೆ ಎಲ್ಲವನ್ನೂ ಕೂರಿಸಿರುವ ಲೋಹದ ತಟ್ಟೆಗೆ, ಕಚ್ಚಿಸಿ, ಇನ್ನೊಂದನ್ನು ಫಿಲ್ಟರ್ ಕೆಪಾಸಿಟರಿನ ಪ್ಲಸ್‌ಗೆ ಕೆಲವು ಸೆಕೆಂಡು ಹಿಡಿಯಿರಿ. ಆಮೇಲೆ ಮೀಟರ್ ಇಟ್ಟು ಸೊನ್ನೆಗೆ ಬಂದಿದೆಯಾ ನೋಡಿ. ಸ್ಕ್ರೂಡ್ರೈವರಿನಿಂದ ಚಟ್ ಅಂತ ಶಾರ್ಟ್ ಮಾಡುವವರನ್ನು ನೋಡಿ ಕಲಿಯಬೇಡಿ. ಆಂಪ್ ಚಾಲೂ ಇರುವಾಗ ಅಳೆಯಬೇಕಾದರೆ ಮೀಟರಿನ ಕಪ್ಪು ಕಡ್ಡಿಯನ್ನು ಚಾಸಿಸ್‌ಗೆ ಕ್ಲಿಪ್ ಮಾಡಿ, ಒಂದೇ ಕೈಯಲ್ಲಿ ಕೆಂಪು ಕಡ್ಡಿ ಹಿಡಿಯಿರಿ. ಇನ್ನೊಂದು ಕೈ ಜೇಬಿನಲ್ಲಿರಲಿ.

ಜೊತೆಗೆ ಒಂದು ಬಲ್ಬ್ ಪೆಟ್ಟಿಗೆ ಬೇಕು. ಫೇಸ್ ತಂತಿಗೆ ಸೀರೀಸ್ ಆಗಿ 60 ವ್ಯಾಟಿನ ಹಳೇ ತಂತಿ ಬಲ್ಬು ಹಾಕಿದ ಒಂದು ಸಾಕೆಟ್, ಅಷ್ಟೇ. ಎಲ್‌ಇಡಿ ಬಲ್ಬು ನಡೆಯುವುದಿಲ್ಲ. ಆಂಪಿನಲ್ಲಿ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಜಗ್ ಅಂತ ಉರಿಯುತ್ತದೆ, ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ.

ಯಾವ ಪೆಟ್ಟಿಗೆ ಬಿಚ್ಚಬಹುದು

ಎಲ್ಲ ರೇಡಿಯೋವೂ ಆಗುವುದಿಲ್ಲ. ಕೆಲವು ಸೆಟ್‌ಗಳಲ್ಲಿ ಪವರ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ವಾಲ್ವ್‌ಗಳ ಹೀಟರುಗಳನ್ನು ಸರಪಳಿಯಂತೆ ಜೋಡಿಸಿ ನೇರ ಮೇನ್ಸ್‌ಗೇ ಕೊಟ್ಟಿರುತ್ತಾರೆ. ಅಂಥದರಲ್ಲಿ ಚಾಸಿಸ್‌ಗೇ ಕರೆಂಟು ಇರಬಹುದು. ಅದಕ್ಕೆ ಗಿಟಾರ್ ಸಿಕ್ಕಿಸಿದರೆ ತಂತಿಗಳಿಗೂ ಕರೆಂಟು ಬಂದಂತೆ. ವಾಲ್ವಿನ ಹೆಸರು ಯುಸಿಎಲ್82, ಯುಎಲ್84 ಅಂತ 'ಯು' ಅಕ್ಷರದಿಂದ ಶುರುವಾದರೆ, ಅಥವಾ 35, 50 ಅಂತ ದೊಡ್ಡ ಸಂಖ್ಯೆಯಿಂದ ಶುರುವಾದರೆ ಆ ಪೆಟ್ಟಿಗೆಯನ್ನು ಅಲ್ಲೇ ಮುಚ್ಚಿಡಿ.

ನಮಗೆ ಬೇಕಾದದ್ದು ದಪ್ಪ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ, 6.3 ವೋಲ್ಟ್ ಹೀಟರಿನ ವಾಲ್ವ್‌ಗಳ ಸೆಟ್. ರೇಡಿಯೋಗ್ರಾಂ, ಸ್ಪೂಲ್ ಟೇಪ್ ರೆಕಾರ್ಡರ್, 16 ಎಂಎಂ ಪ್ರೊಜೆಕ್ಟರಿನ ಆಂಪ್ಲಿಫೈಯರ್ ಕೂಡ ಒಳ್ಳೆಯ ಗಣಿಗಳೇ. ಒಂದು ಮಾತು: ಇನ್ನೂ ಹಾಡುತ್ತಿರುವ, ಪೆಟ್ಟಿಗೆ ಚೆನ್ನಾಗಿರುವ ರೇಡಿಯೋವನ್ನು ಬಿಚ್ಚಬೇಡಿ. ಮರ ಗೆದ್ದಲು ಹಿಡಿದು ಡಯಲ್ ಒಡೆದು ಹೋದವು ಬೇಕಾದಷ್ಟಿವೆ.

ಉಳಿಸುವುದು, ಎಸೆಯುವುದು

ಪವರ್ ಟ್ರಾನ್ಸ್‌ಫಾರ್ಮರಿನಿಂದ ಶುರು ಮಾಡೋಣ. ಎಲ್ಲ ತಂತಿ ಬಿಡಿಸಿ, ಮೀಟರಿನಲ್ಲಿ ಓಮ್ ಅಳೆಯಿರಿ. ಮೇನ್ಸ್ ಸುತ್ತು ಕೆಲವು ಹತ್ತು ಓಮ್ ತೋರಿಸುತ್ತದೆ. ಹೈ ವೋಲ್ಟೇಜ್ ಸುತ್ತು ನೂರಾರು ಓಮ್, ನಡುವೆ ಒಂದು ಸೆಂಟರ್ ಟ್ಯಾಪ್, ಅಂದರೆ ಸುತ್ತಿನ ಮಧ್ಯದಿಂದ ಹೊರಗೆ ತೆಗೆದ ತಂತಿ. ಹೀಟರ್ ಸುತ್ತುಗಳು ಒಂದು ಓಮಿಗಿಂತ ಕಡಿಮೆ. ಯಾವ ಸುತ್ತಿನಿಂದಲೂ ಕಬ್ಬಿಣಕ್ಕೆ ಸಂಪರ್ಕ ಇರಕೂಡದು. ತಂತಿಯ ಬಣ್ಣ ನಂಬಬೇಡಿ, ಐವತ್ತು ವರ್ಷದಲ್ಲಿ ಎಲ್ಲವೂ ಕಂದು ಆಗಿರುತ್ತದೆ. ಮೇನ್ಸ್ ಟ್ಯಾಪ್ ನಿಮ್ಮ ದೇಶದ ವೋಲ್ಟೇಜಿಗೆ ಸರಿಯಿದೆಯಾ ಅಂತಲೂ ಖಾತ್ರಿ ಮಾಡಿಕೊಳ್ಳಿ. 110ರ ಟ್ಯಾಪಿಗೆ 230 ಕೊಟ್ಟರೆ ಹೊಗೆಯೇ ಗತಿ. ಆಮೇಲೆ ಬಲ್ಬ್ ಪೆಟ್ಟಿಗೆಯ ಮೂಲಕ, ಬೇರೆ ಏನನ್ನೂ ಜೋಡಿಸದೆ, ತುದಿಗಳನ್ನೆಲ್ಲ ಬೇರೆ ಬೇರೆಯಾಗಿ ಟೇಪ್ ಸುತ್ತಿ ಒಂದು ಗಂಟೆ ಓಡಿಸಿ. ಬಲ್ಬು ಕತ್ತಲಾಗಿಯೇ ಇರಬೇಕು. ಪ್ಲಗ್ ಕಿತ್ತು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಬಿಸಿಯಾಗಿ ಸುಟ್ಟ ವಾರ್ನಿಷ್ ವಾಸನೆ ಬಂದರೆ ಅದನ್ನು ಬಿಟ್ಟುಬಿಡಿ.

ಹೈ ವೋಲ್ಟೇಜ್ 325-0-325 ಇದ್ದರೆ ಮೂಲ ಚಾಂಪಿನಂತೆಯೇ. ರೇಡಿಯೋಗಳಲ್ಲಿ ಹೆಚ್ಚಾಗಿ 250-0-250 ಸಿಗುತ್ತದೆ. ನನಗೆ ಅದೇ ಇಷ್ಟ. ಸದ್ದು ಸ್ವಲ್ಪ ಕಡಿಮೆ, ಆದರೆ ವಾಲ್ವ್ ತಣ್ಣಗೆ ಬಾಳುತ್ತದೆ.

ವಾಲ್ವ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗೆ, ಹೆಚ್ಚಾಗಿ ನೆತ್ತಿಯ ಮೇಲೆ, ಕನ್ನಡಿಯಂಥ ಬೆಳ್ಳಿ ಬಣ್ಣದ ಕಲೆ ಇರುತ್ತದೆ. ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲಿ ಅಂತ ಬಳಿದ ಲೋಹ ಅದು. ಕಲೆ ಹೊಳೆಯುತ್ತಿದ್ದರೆ ಗಾಜು ಗಟ್ಟಿ. ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ನುಗ್ಗಿದೆ, ವಾಲ್ವ್ ಸತ್ತಿದೆ. ಒರೆಸುವಾಗ ಎಚ್ಚರ, ಗಾಜಿನ ಮೇಲಿನ ಅಕ್ಷರಗಳು ಬೆರಳು ತಾಗಿದರೂ ಅಳಿಸಿಹೋಗುತ್ತವೆ. ಒಮ್ಮೆ ನಾನು ಒದ್ದೆ ಬಟ್ಟೆಯಲ್ಲಿ ನಾಲ್ಕು ವಾಲ್ವ್ ಒರೆಸಿ ಫಳಫಳ ಮಾಡಿಟ್ಟೆ. ಯಾವುದು ಯಾವುದೆಂದು ಆಮೇಲೆ ಗೊತ್ತಾಗಲೇ ಇಲ್ಲ.

ಎಸೆಯುವ ಪಟ್ಟಿಯಲ್ಲಿ ಮೊದಲನೆಯದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ಒಳಗೆ ಒಣಗಿರುತ್ತವೆ, ಶಾರ್ಟ್ ಆದರೆ ಟ್ರಾನ್ಸ್‌ಫಾರ್ಮರನ್ನೂ ಜೊತೆಗೇ ಕರೆದುಕೊಂಡು ಹೋಗುತ್ತವೆ. ಮೇಣ ಸುರಿಸಿಕೊಂಡಿರುವ ಕಾಗದದ ಕೆಪಾಸಿಟರ್‌ಗಳೂ ಬೇಡ. 'ವಿಂಟೇಜ್ ಸೌಂಡ್' ಅದರಲ್ಲೇ ಇದೆ ಅನ್ನುವವರಿದ್ದಾರೆ. ಅದರಲ್ಲಿರುವುದು ಡಿಸಿ ಸೋರಿಕೆ. ಕಾರ್ಬನ್ ರೆಸಿಸ್ಟರ್‌ಗಳ ಓಮ್ ವರ್ಷಗಳಲ್ಲಿ ಮೇಲೇರಿರುತ್ತದೆ, 100 ಕೆ ಅಂತ ಬರೆದದ್ದು 140 ತೋರಿಸುತ್ತದೆ. ಹೊಸ ಮೆಟಲ್ ಫಿಲ್ಮ್ ಹಾಕಿ. ಮೇನ್ಸ್‌ನಿಂದ ಚಾಸಿಸ್‌ಗೆ ಕೊಟ್ಟಿರುವ ಸಣ್ಣ ಕೆಪಾಸಿಟರ್ ಕಂಡರೆ ಕತ್ತರಿಸಿ ಬಿಸಾಡಿ. ಎರಡು ಪಿನ್ನಿನ ವೈರನ್ನೂ ಅದರ ಹಿಂದೆಯೇ ಕಳಿಸಿ.

ಹಳೇ ಸ್ಪೀಕರ್ ಹೇಗೆ ಅಂತ ಕೇಳುತ್ತೀರಿ, ಅಲ್ವಾ? ಪರೀಕ್ಷೆಗೆ ಸಾಕು. ದಿನಾ ಗಿಟಾರ್ ನುಡಿಸಿದರೆ ಕಾಗದ ಹರಿಯುತ್ತದೆ. 8 ಇಂಚಿನ, 4 ಓಮಿನ, 10 ವ್ಯಾಟ್ ತಡೆಯುವ ಹೊಸ ಗಿಟಾರ್ ಸ್ಪೀಕರ್ ತನ್ನಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಅಳೆಯುವುದು

ಆಂಪಿನ ದನಿ ಬಹುಪಾಲು ಇಲ್ಲಿಂದ ಬರುತ್ತದೆ. ಸ್ಪೀಕರಿಗೆ ಬಲ ಕೊಡುವ 6ವಿ6 ವಾಲ್ವಿಗೆ 5 ಕೆಯಿಂದ 8 ಕೆ ಓಮ್ ಒಳಗಿನ ಹೊರೆ ಕಾಣಬೇಕು. ಅದನ್ನು ಮೀಟರಿನ ಓಮ್ ರೇಂಜಿನಲ್ಲಿ ಅಳೆಯಲು ಆಗುವುದಿಲ್ಲ. ಸಣ್ಣ ಎಸಿ ಬೇಕು.

ಸಣ್ಣ ಅಡಾಪ್ಟರ್ ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟ್ ಎಸಿಯನ್ನು ಪ್ರೈಮರಿಗೆ ಕೊಡಿ, ಅಂದರೆ ನೂರಾರು ಓಮ್ ತೋರಿಸುವ, ತೆಳು ತಂತಿಯ ಸುತ್ತಿಗೆ. ಸೆಕೆಂಡರಿಯಲ್ಲಿ, ಅಂದರೆ ಸ್ಪೀಕರಿಗೆ ಹೋಗುವ ಸುತ್ತಿನಲ್ಲಿ, ಎಷ್ಟು ಬಂತು ನೋಡಿ. 0.34 ವೋಲ್ಟ್ ಬಂತು ಅಂದುಕೊಳ್ಳಿ. 12 ಭಾಗಿಸು 0.34, ಸುಮಾರು 35. ಅದರ ವರ್ಗ 1225. 4 ಓಮ್ ಸ್ಪೀಕರಿನಿಂದ ಗುಣಿಸಿದರೆ 4900. ಹತ್ತಿರ ಹತ್ತಿರ 5 ಕೆ, ಸರಿಹೋಯಿತು. ಅದೇ ಟ್ರಾನ್ಸ್‌ಫಾರ್ಮರಿಗೆ 8 ಓಮ್ ಸ್ಪೀಕರ್ ಹಾಕಿದರೆ 9800 ಕಾಣುತ್ತದೆ, ಅದು ಜಾಸ್ತಿ ಆಯಿತು.

ತಪ್ಪಿಯೂ ತಿರುಗಿಸಿ ಕೊಡಬೇಡಿ. ಸೆಕೆಂಡರಿಗೆ 12 ವೋಲ್ಟ್ ಕೊಟ್ಟರೆ ಇದೇ ಲೆಕ್ಕದಲ್ಲಿ ಆ ಕಡೆ 400 ವೋಲ್ಟ್ ನಿಮ್ಮ ಬೆರಳಿಗೆ ಕಾಯುತ್ತಿರುತ್ತದೆ.

ಸರ್ಕ್ಯೂಟ್, ಬಾಯಿಮಾತಿನಲ್ಲಿ

ಕಾಗದ ಪೆನ್ಸಿಲ್ ತಗೊಂಡು ನೀವೇ ಬರೆದುಕೊಳ್ಳುತ್ತ ಓದಿ. ಬರೆದರೆ ಮಾತ್ರ ತಲೆಗೆ ಹತ್ತುತ್ತದೆ.

ಪವರ್ ಕಡೆ: ಹೈ ವೋಲ್ಟೇಜ್ ಸುತ್ತಿನ ಎರಡು ತುದಿಗಳು, ಎಸಿಯನ್ನು ಡಿಸಿ ಮಾಡುವ 5ವೈ3 ವಾಲ್ವಿನ 4 ಮತ್ತು 6ನೇ ಪಿನ್ನಿಗೆ. ಸೆಂಟರ್ ಟ್ಯಾಪ್ ಗ್ರೌಂಡಿಗೆ. 5 ವೋಲ್ಟ್ ಸುತ್ತು 2 ಮತ್ತು 8ಕ್ಕೆ. 8ನೇ ಪಿನ್ನಿನಿಂದ ಡಿಸಿ ಹೊರಗೆ ಬರುತ್ತದೆ. ಅಲ್ಲಿ 16 ಮೈಕ್ರೋಫ್ಯಾರಡ್‌ನ ಮೊದಲ ಫಿಲ್ಟರ್ ಕೆಪಾಸಿಟರ್, ಇದನ್ನು 'ಎ' ಅನ್ನೋಣ. ಅಲ್ಲಿಂದ 10 ಕೆ, 2 ವ್ಯಾಟ್ ರೆಸಿಸ್ಟರ್ ದಾಟಿದರೆ 8 ಮೈಕ್ರೋಫ್ಯಾರಡ್, ಅದು 'ಬಿ'. ಮತ್ತೆ 22 ಕೆ ದಾಟಿದರೆ ಇನ್ನೊಂದು 8, ಅದು 'ಸಿ'. ಗುಂಯ್ ಸದ್ದು ಕಡಿಮೆಯಾಗಲಿ ಅಂತ ಮೊದಲನೆಯದಕ್ಕೆ 100 ಮೈಕ್ರೋಫ್ಯಾರಡ್ ಹಾಕಲು ಹೋಗಬೇಡಿ. ಪ್ರತಿ ಸಲ ಅದನ್ನು ತುಂಬುವ ಹೊಡೆತಕ್ಕೆ 5ವೈ3 ಸಾಯುತ್ತದೆ. ಕೆಪಾಸಿಟರ್‌ಗಳು 500 ವೋಲ್ಟಿನವೇ ಆಗಿರಲಿ. 5ವೈ3 ಬೇಗ ಬಿಸಿಯಾಗುತ್ತದೆ, 6ವಿ6 ನಿಧಾನ. ಆ ಅಂತರದಲ್ಲಿ ಕರೆಂಟು ಎಳೆಯುವವರು ಯಾರೂ ಇಲ್ಲದೆ ವೋಲ್ಟೇಜು 325ರ 1.41 ಪಟ್ಟು, ಅಂದರೆ 458ರವರೆಗೆ ಏರುತ್ತದೆ. 450ರ ಕೆಪಾಸಿಟರ್ ದಿನಾ ಹೀಗೆ ಹೊಡೆತ ತಿಂದರೆ ಎಷ್ಟು ದಿನ ಬಾಳೀತು? 'ಎ' ಇಂದ ಗ್ರೌಂಡಿಗೆ 220 ಕೆ, 2 ವ್ಯಾಟ್ ರೆಸಿಸ್ಟರ್ ಒಂದನ್ನು ಹಾಕಿ. ಪ್ಲಗ್ ಕಿತ್ತ ಒಂದು ನಿಮಿಷದೊಳಗೆ ಚಾರ್ಜ್ ಇಳಿಸುತ್ತದೆ. ಮೀಟರಿನಲ್ಲಿ ನೋಡುವುದನ್ನು ಮಾತ್ರ ಬಿಡಬೇಡಿ.

ಗಿಟಾರ್ ಕಡೆ: ಇನ್‌ಪುಟ್ ಜ್ಯಾಕಿನಿಂದ ಗ್ರೌಂಡಿಗೆ 1 ಮೆಗ್ (ಹತ್ತು ಲಕ್ಷ ಓಮ್). ಜ್ಯಾಕಿನಿಂದ 68 ಕೆ ಮೂಲಕ, ಗಿಟಾರಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ವಾಲ್ವ್ 12ಎಎಕ್ಸ್7ರ 2ನೇ ಪಿನ್ನಿಗೆ. ಪಿನ್ 1 ಪ್ಲೇಟ್, 100 ಕೆ ಮೂಲಕ 'ಸಿ'ಗೆ. ಪಿನ್ 3 ಕ್ಯಾಥೋಡ್, 1.5 ಕೆ ಮೂಲಕ ಗ್ರೌಂಡಿಗೆ. ಈ 1.5 ಕೆ ಮೇಲೆ 25 ಮೈಕ್ರೋಫ್ಯಾರಡ್ ಇಟ್ಟರೆ ಜೋರು ಜಾಸ್ತಿ, ಬೇಗ ಒರಟಾಗುತ್ತದೆ. ಬಿಟ್ಟರೆ ಸ್ವಚ್ಛ. ಪಿನ್ 1ರಿಂದ 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಕೆಪಾಸಿಟರ್ ಮೂಲಕ 1 ಮೆಗ್ ವಾಲ್ಯೂಮಿಗೆ. ವಾಲ್ಯೂಮಿನ ನಡುಕಾಲು ಪಿನ್ 7ಕ್ಕೆ, ಉಳಿದ ಕಾಲು ಗ್ರೌಂಡಿಗೆ. ಪಿನ್ 6 ಮತ್ತೊಂದು 100 ಕೆ ಮೂಲಕ 'ಸಿ'ಗೆ, ಪಿನ್ 8 ಮತ್ತೊಂದು 1.5 ಕೆ ಮೂಲಕ ಗ್ರೌಂಡಿಗೆ. ಸ್ಪೀಕರಿನ ಬಿಸಿ ತುದಿಯಿಂದ 22 ಕೆ ರೆಸಿಸ್ಟರ್ ಇದೇ ಪಿನ್ 8ಕ್ಕೆ ವಾಪಸ್ ಬರುತ್ತದೆ, ಅದು ಫೀಡ್‌ಬ್ಯಾಕ್. ಸ್ಪೀಕರಿನ ಇನ್ನೊಂದು ತುದಿ ಗ್ರೌಂಡಿಗೆ.

ಪಿನ್ 6ರಿಂದ ಇನ್ನೊಂದು 0.022 ಮೂಲಕ 6ವಿ6ರ ಪಿನ್ 5ಕ್ಕೆ, ಅಲ್ಲಿಂದ ಗ್ರೌಂಡಿಗೆ 220 ಕೆ. ಪಿನ್ 8 ಕ್ಯಾಥೋಡ್, 470 ಓಮ್, 5 ವ್ಯಾಟ್ ಮೂಲಕ ಗ್ರೌಂಡಿಗೆ, ಅದರ ಮೇಲೆ 25 ಮೈಕ್ರೋಫ್ಯಾರಡ್, 50 ವೋಲ್ಟ್. ಪಿನ್ 4 'ಬಿ'ಗೆ. ಪಿನ್ 3ರಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅದರ ಇನ್ನೊಂದು ತುದಿ 'ಎ'ಗೆ. ಮುಗಿಯಿತು.

ನಿಮ್ಮ ರೇಡಿಯೋದಲ್ಲಿ 6ವಿ6 ಬದಲು ಇಎಲ್84 ಸಿಕ್ಕಿದರೆ ಬೇಸರ ಬೇಡ. ಪಿನ್‌ಗಳು ಬೇರೆ: 2 ಗ್ರಿಡ್, 3 ಕ್ಯಾಥೋಡ್, 7 ಪ್ಲೇಟ್, 9 ಸ್ಕ್ರೀನ್, 4 ಮತ್ತು 5 ಹೀಟರ್. ಕ್ಯಾಥೋಡ್ ರೆಸಿಸ್ಟರ್ 150 ಓಮಿನ ಹತ್ತಿರ ಇರಲಿ. ಪ್ಲೇಟ್ 300 ವೋಲ್ಟ್ ದಾಟದಿರಲಿ.

ಚಾಸಿಸ್ ಮೇಲೆ ಯಾರು ಎಲ್ಲಿ

ರೇಡಿಯೋದ ಚಾಸಿಸ್ಸೇ ಬಳಸಬಹುದು, ಆದರೆ ಅದರಲ್ಲಿ ಬೇಡದ ತೂತುಗಳು ತುಂಬ. ನಾನು ಹೊಸ ಅಲ್ಯೂಮಿನಿಯಂ ಪೆಟ್ಟಿಗೆ ಮಾಡಿಕೊಳ್ಳುತ್ತೇನೆ. ಪವರ್ ಟ್ರಾನ್ಸ್‌ಫಾರ್ಮರ್ ಒಂದು ತುದಿಗೆ, ಗಿಟಾರ್ ಜ್ಯಾಕ್ ಇನ್ನೊಂದು ತುದಿಗೆ, ವಾಲ್ವ್‌ಗಳು ಅದೇ ಕ್ರಮದಲ್ಲಿ ನಡುವೆ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಜಾಗ ಹುಡುಕುವುದು ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ತೂತು ಕೊರೆಯುವ ಮುಂಚೆ ಅದರ ಸೆಕೆಂಡರಿಗೆ ಒಂದು ಹಳೇ ಹೆಡ್‌ಫೋನ್ ಜೋಡಿಸಿ. ಬೇರೆ ಯಾವುದಕ್ಕೂ ಅದನ್ನು ಸೇರಿಸಬೇಡಿ. ಪವರ್ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಡಿ, ಅದರ ತುದಿಗಳೆಲ್ಲ ಮುಚ್ಚಿರಲಿ. ಹೆಡ್‌ಫೋನಿನಲ್ಲಿ ಗುಂಯ್ ಅನ್ನುತ್ತದೆ. ಈಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮೇಜಿನ ಮೇಲೆ ಮೆಲ್ಲಗೆ ತಿರುಗಿಸುತ್ತ ಹೋಗಿ. ಒಂದು ಕೋನದಲ್ಲಿ, ಹೆಚ್ಚಾಗಿ ಎರಡರ ಕಬ್ಬಿಣ ಒಂದಕ್ಕೊಂದು ಅಡ್ಡವಾದಾಗ, ಸದ್ದು ಥಟ್ಟನೆ ಅಡಗುತ್ತದೆ. ಅಲ್ಲೇ ಗುರುತು ಹಾಕಿ.

ವೈರಿಂಗ್

ಮೇನ್ಸ್ ಮೊದಲು. ಮೂರು ಪಿನ್ನಿನ ಹೊಸ ವೈರು. ಅರ್ಥ್ ತಂತಿಗೆ ಚಾಸಿಸ್‌ನಲ್ಲಿ ಅದಕ್ಕೆಂದೇ ಒಂದು ಬೋಲ್ಟ್, ಬೇರೆ ಯಾವುದನ್ನೂ ಅದಕ್ಕೆ ಸಿಕ್ಕಿಸಬೇಡಿ. ಫೇಸ್ ಮೊದಲು ಫ್ಯೂಸಿಗೆ, ಆಮೇಲೆ ಸ್ವಿಚ್ಚಿಗೆ. 230 ವೋಲ್ಟ್ ಇರುವಲ್ಲಿ ಅರ್ಧ ಆಂಪಿಯರ್, 120 ಇರುವಲ್ಲಿ ಒಂದು ಆಂಪಿಯರಿನ ಸ್ಲೋ ಬ್ಲೋ ಫ್ಯೂಸು.

ಆಮೇಲೆ ಹೀಟರ್. ಎರಡು ತಂತಿಗಳನ್ನು ಜಡೆ ಹೆಣೆದಂತೆ ಬಿಗಿಯಾಗಿ ತಿರುಚಿ, ಚಾಸಿಸ್ಸಿನ ಮೂಲೆಗೆ ಒತ್ತಿ ಒಯ್ಯಿರಿ. 6ವಿ6ಗೆ 2 ಮತ್ತು 7. 12ಎಎಕ್ಸ್7ಗೆ 4 ಮತ್ತು 5 ಒಟ್ಟಿಗೆ ಒಂದು ತಂತಿ, 9ಕ್ಕೆ ಇನ್ನೊಂದು. ಸುತ್ತಿಗೆ ಸೆಂಟರ್ ಟ್ಯಾಪ್ ಇಲ್ಲದಿದ್ದರೆ ಎರಡೂ ತಂತಿಯಿಂದ ಒಂದೊಂದು 100 ಓಮ್ ಗ್ರೌಂಡಿಗೆ ಕೊಡಿ. ಗುಂಯ್ ಸದ್ದು ಅರ್ಧ ಇಲ್ಲೇ ಸಾಯುತ್ತದೆ.

ಉಳಿದದ್ದನ್ನು ಟ್ಯಾಗ್ ಸ್ಟ್ರಿಪ್ (ಬೆಸೆಯುವ ಕೊಂಡಿಗಳ ಸಾಲಿರುವ ಪಟ್ಟಿ) ಮೇಲೆ ಬೆಸೆಯಿರಿ. 68 ಕೆ ರೆಸಿಸ್ಟರ್ ಮಾತ್ರ ಸಾಕೆಟ್ಟಿನ ಪಿನ್ನಿಗೇ ಅಂಟಿಕೊಂಡಿರಲಿ. ಹಳೇ ಸಾಕೆಟ್ಟಿನ ಪಿನ್‌ಗಳು ಕಪ್ಪಾಗಿದ್ದರೆ ಕೆರೆದು ಹೊಳಪು ಬರಿಸದೆ ಬೆಸುಗೆ ಹಿಡಿಯುವುದಿಲ್ಲ.

ಮೊದಲ ಸಲ ಸ್ವಿಚ್ ಹಾಕುವುದು

ಸ್ಪೀಕರ್ ಜೋಡಿಸಿ. ಸ್ಪೀಕರ್ ಇಲ್ಲದೆ ಈ ಆಂಪನ್ನು ಎಂದೂ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಬಲ್ಬ್ ಪೆಟ್ಟಿಗೆಗೆ ಸಿಕ್ಕಿಸಿ. ಒಂದೂ ವಾಲ್ವ್ ಹಾಕದೆ ಸ್ವಿಚ್ ಒತ್ತಿ. ಬಲ್ಬು ಕತ್ತಲಾಗಿರಬೇಕು. ಹೀಟರ್ ಪಿನ್‌ಗಳಲ್ಲಿ ಆರೂಮುಕ್ಕಾಲು ಏಳರ ಹತ್ತಿರ ಎಸಿ ಕಂಡರೆ ಚಿಂತೆ ಬೇಡ, ಹೊರೆ ಬಿದ್ದಾಗ ಇಳಿಯುತ್ತದೆ.

ಆರಿಸಿ, 5ವೈ3 ಒಂದನ್ನೇ ಹಾಕಿ. 'ಎ', 'ಬಿ', 'ಸಿ' ಮೂರರಲ್ಲೂ ಡಿಸಿ ಇದೆಯಾ ನೋಡಿ. ಹೊರೆ ಇಲ್ಲದ್ದರಿಂದ ಮೂರೂ ಕಡೆ ಹೆಚ್ಚೂಕಡಿಮೆ ಒಂದೇ ಇರುತ್ತದೆ. ಮತ್ತೆ ಆರಿಸಿ, ಚಾರ್ಜ್ ಇಳಿಸಿ, ಉಳಿದೆರಡು ವಾಲ್ವ್ ಹಾಕಿ. ಈಗ ಬಲ್ಬು ಒಮ್ಮೆ ಬೆಳಗಿ ಮಂದವಾಗಬೇಕು. ಜೋರಾಗಿಯೇ ಉರಿಯುತ್ತಿದ್ದರೆ ಆರಿಸಿ, ತಪ್ಪು ಹುಡುಕಿ. ಎಲ್ಲ ಸರಿ ಅನಿಸಿದ ಮೇಲೆ ಬಲ್ಬ್ ಪೆಟ್ಟಿಗೆ ಬಿಟ್ಟು ನೇರ ಕೊಡಿ. 6ವಿ6 ಒಳಗಿನ ಪ್ಲೇಟ್ ಕೆಂಪಗೆ ಕಾಯಲು ಶುರುವಾದರೆ ತಕ್ಷಣ ಆರಿಸಿ.

ಈಗ ಅಳತೆ. 325-0-325 ಇದ್ದರೆ 6ವಿ6ರ ಪಿನ್ 3ರಲ್ಲಿ 320ರಿಂದ 350, ಪಿನ್ 4ರಲ್ಲಿ 300ರ ಆಸುಪಾಸು, ಪಿನ್ 8ರಲ್ಲಿ 18ರಿಂದ 20. 12ಎಎಕ್ಸ್7ರ 1 ಮತ್ತು 6ರಲ್ಲಿ 150ರಿಂದ 200, ಕ್ಯಾಥೋಡ್‌ಗಳಲ್ಲಿ ಒಂದೂವರೆ ವೋಲ್ಟಿನ ಹತ್ತಿರ. ಪಿನ್ 8ರ ಸಂಖ್ಯೆಯೇ ಮುಖ್ಯ. 19 ವೋಲ್ಟ್ ಬಂದರೆ 470ರಿಂದ ಭಾಗಿಸಿ, 40 ಮಿಲಿಆಂಪಿಯರ್. ಪ್ಲೇಟಿನ 330ರಲ್ಲಿ 19 ಕಳೆದರೆ 311. ಗುಣಿಸಿದರೆ ಹನ್ನೆರಡೂವರೆ ವ್ಯಾಟ್. 6ವಿ6 ಸಹಿಸುವುದು 12ರಿಂದ 14. ಅಂದರೆ ಈ ಆಂಪು ವಾಲ್ವನ್ನು ಅಂಚಿನಲ್ಲೇ ಓಡಿಸುತ್ತದೆ. ಅಪರೂಪದ ಹಳೇ ವಾಲ್ವ್ ಆಗಿದ್ದರೆ 470 ತೆಗೆದು 560 ಹಾಕಿ.

6ವಿ6ರ ಪಿನ್ 5ರಲ್ಲಿ ಡಿಸಿ ಸೊನ್ನೆ ಇರಬೇಕು. ಒಂದೆರಡು ವೋಲ್ಟ್ ಪ್ಲಸ್ ಕಂಡರೆ 0.022 ಕೆಪಾಸಿಟರ್ ಸೋರುತ್ತಿದೆ. ಹಳೇ ಮೇಣದ ಕೆಪಾಸಿಟರ್ ಹಾಕಲೇಬೇಕು ಅಂತ ಹಟ ಹಿಡಿದವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಕೂಗಿದರೆ, ಗುಂಯ್‌ಗುಟ್ಟಿದರೆ

ಬಿಸಿಯಾದ ಕೂಡಲೇ ಕಿವಿ ಕಿತ್ತುಹೋಗುವಂತೆ ಕೀರಲು ಕೂಗಿದರೆ ಗಾಬರಿ ಬೇಡ. ಫೀಡ್‌ಬ್ಯಾಕ್ ತಿರುವುಮುರುವಾಗಿದೆ. ಆರಿಸಿ, ಚಾರ್ಜ್ ಇಳಿಸಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯ ಎರಡು ತಂತಿ ಅದಲುಬದಲು ಮಾಡಿ. ನನ್ನ ಮೊದಲ ಆಂಪಿನಲ್ಲಿ ಇದು ಗೊತ್ತಿಲ್ಲದೆ ಎರಡು ಸಂಜೆ ಎಲ್ಲ ಬೆಸುಗೆ ಬಿಚ್ಚಿ ಮತ್ತೆ ಹಾಕಿದ್ದೆ.

ಗುಂಯ್ ಸದ್ದನ್ನು ಗಿಟಾರಿನಲ್ಲೇ ಪತ್ತೆ ಮಾಡಬಹುದು. ಮೇನ್ಸ್ 50 ಹರ್ಟ್ಸ್ ಇರುವಲ್ಲಿ, ಸದ್ದು ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರಕ್ಕೆ ಹತ್ತಿರ ಇದ್ದರೆ ಅದು 100 ಹರ್ಟ್ಸ್, ಏಕೆಂದರೆ ಆ ಜಿ 98. ಹಾಗಿದ್ದರೆ ಫಿಲ್ಟರ್ ಕೆಪಾಸಿಟರ್ ಕಡೆ ನೋಡಿ. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ದರೆ 50, ಹೀಟರ್ ತಂತಿ ಅಥವಾ ಗ್ರೌಂಡ್ ಕಡೆ ನೋಡಿ. 60 ಹರ್ಟ್ಸ್ ಮೇನ್ಸ್ ಇದ್ದರೆ ಐದನೇ ತಂತಿಯ ಎರಡನೇ ಫ್ರೆಟ್ಟಿನ ಬಿ ಸ್ವರದ ಪಕ್ಕ ಹುಡುಕಿ. ವಾಲ್ಯೂಮ್ ತಿರುಗಿಸಿದಾಗ ಸದ್ದೂ ಬದಲಾದರೆ ತಪ್ಪು ವಾಲ್ಯೂಮಿಗಿಂತ ಮುಂಚೆ ಇದೆ, ಬದಲಾಗದಿದ್ದರೆ ಆಮೇಲೆ.

ಕೊನೆಗೆ ಪೆನ್ಸಿಲಿನ ಹಿಂಬದಿಯಿಂದ 12ಎಎಕ್ಸ್7ನ್ನು ಮೆಲ್ಲಗೆ ತಟ್ಟಿ. ಸಣ್ಣಗೆ ಟಿಕ್ ಅಂದರೆ ಸರಿ. ಗಂಟೆಯಂತೆ ಟಣ್ ಅಂತ ಎಳೆದರೆ ಒಳಗಿನ ಭಾಗ ಸಡಿಲ. ಆ ವಾಲ್ವನ್ನು ತೆಗೆದಿಟ್ಟು ರೇಡಿಯೋದ ಡಬ್ಬಿಯಿಂದ ಇನ್ನೊಂದನ್ನು ಹುಡುಕಿ.